ಸಾಲಿಗೊಂದು ಅತ್ತೆಯ ಮರ

ಅಪ್ಪ ತೀರಿಕೊಂಡ ಮೇಲೆ ಮಾಯಸಂದ್ರದ ಹತ್ತಿರವಿರುವ ನಮ್ಮ ತೆಂಗಿನ ತೋಟ ಎರಡು ಪಾಲಾಗಬೇಕಾಯಿತು. ಒಂದು ನನ್ನ ತಮ್ಮನಿಗೆ, ಇನ್ನೊಂದು ನನಗೆ. ಹೌದು, ನನಗೂ. ಹೆಣ್ಣುಮಕ್ಕಳು ಸಹಿ ಹಾಕಿಕೊಟ್ಟು, ಒಂದು ಸೀರೆ ಇಸಿದುಕೊಂಡು, ಕಣ್ಣೊರೆಸಿಕೊಂಡು ಬಸ್ಸು ಹತ್ತುವ ಕಾಲ ಮುಗಿಯಿತು ಎಂದು ಅಪ್ಪನ ವರ್ಷದ ತಿಥಿ ಮುಗಿದ ವಾರವೇ ನಾನು ಹೇಳಿಬಿಟ್ಟಿದ್ದೆ. ಹೇಳುವಾಗ ಧ್ವನಿ ಸ್ವಲ್ಪ ಜೋರಾಗಿಯೇ ಇತ್ತು. ನನ್ನ ಧ್ವನಿ ಇರುವುದೇ ಹಾಗೆ. ತಿಪಟೂರಿನ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು, ಹಿಂದಿನ ಬೆಂಚಿಗೂ ಕೇಳಿಸಬೇಕಲ್ಲ.

“ನೀನು ಬ್ಯಾಡ ಅಂದಿದ್ರೂ ಕೊಡ್ತಿದ್ದೆ ಕಣಕ್ಕ. ಅದಕ್ಯಾಕೆ ಇಷ್ಟು ಕೂಗಾಡ್ತೀಯ?” ಅಂದ ತಮ್ಮ.

ಜಗಳಕ್ಕೆಂದೇ ಸೊಂಟ ಕಟ್ಟಿಕೊಂಡು ಬಂದವಳಿಗೆ ಜಗಳವೇ ಇಲ್ಲ ಎಂದು ಗೊತ್ತಾದಾಗ ಒಂಥರಾ ಪೆಚ್ಚಾಯಿತು. ಅವನ ಹೆಂಡತಿ ಕೊಟ್ಟ ಕಾಫಿ ಕುಡಿಯುತ್ತಾ ಕೂತೆ.

ಆದರೆ ಪಾಲು ಮಾಡುವುದು ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ. ನೆಲವನ್ನು ಸರ್ವೆಯವರು ಬಂದು ಅಳೆದು ಸರಿಯಾಗಿ ಅರ್ಧ ಮಾಡಿಕೊಡುತ್ತಾರೆ. ತೆಂಗಿನ ತೋಟದಲ್ಲಿ ನೆಲ ಅರ್ಧವಾದರೆ ತೋಟ ಅರ್ಧವಾಗುವುದಿಲ್ಲ. ಇಡೀ ತೋಟ ತಾತ ನೆಟ್ಟದ್ದು. ಹೆಚ್ಚುಕಡಿಮೆ ಚೌಕ. ಹಗ್ಗ ಎಳೆದು ಗುಳಿ ಹೊಡೆಸಿದ್ದರಂತೆ, ಸಾಲುಗಳು ಇವತ್ತಿಗೂ ಅಷ್ಟು ನೆಟ್ಟಗಿವೆ. ಆದರೆ ಒಂದು ಮರ ತಲೆ ತುಂಬ ಗೊನೆ ಹೊತ್ತು ನಿಂತಿದ್ದರೆ ಅದರ ಪಕ್ಕದ್ದು ನುಸಿ ಹಿಡಿದು ಮುಷ್ಟಿಯಷ್ಟೇ ಕಾಯಿ ಬಿಡುತ್ತದೆ. ಇನ್ನೊಂದಕ್ಕೆ ರೋಗ ಬಂದು ಕಾಂಡ ಸೋರುತ್ತಿದೆ. ಸತ್ತ ಮರಗಳ ಜಾಗದಲ್ಲಿ ಅಪ್ಪ ಇಟ್ಟ ಸಸಿಗಳು ಈಗೀಗ ಫಸಲಿಗೆ ಬಂದಿವೆ. ಅಡ್ಡಲಾಗಿ ಸೀಳಿದರೆ ಒಬ್ಬರಿಗೆ ಲಾಭ, ಉದ್ದಕ್ಕೆ ಸೀಳಿದರೆ ಇನ್ನೊಬ್ಬರಿಗೆ.

“ನೀನು ಲೆಕ್ಕದ ಮೇಡಮ್ಮು, ನೀನೇ ಏನಾರ ಮಾಡು. ಆಮೇಲೆ ನಿಂಗೆ ಒಳ್ಳೇದು ಬಂತು, ನಂಗೆ ಕೆಟ್ಟದ್ದು ಬಂತು ಅಂತ ನಾವಿಬ್ರು ಮುಖ ಊದಿಸ್ಕೊಂಡು ಕೂರೋದು ಬ್ಯಾಡ,” ಅಂದ ತಮ್ಮ.

ನನಗೊಂದು ವಿದ್ಯೆ ಗೊತ್ತಿತ್ತು. ಶಾಲೆಯಲ್ಲಿ ಮಕ್ಕಳ ಅಂಕಗಳ ಪಟ್ಟಿಯಿಂದ ಚಿತ್ರ ತೆಗೆಯಲು ಒಂದು ಸಣ್ಣ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದೆ. ನಾವು ಗೆರೆ ಎಳೆಯುವುದು ಬೇಡ, ಬಣ್ಣ ತುಂಬುವುದು ಬೇಡ. ಪಟ್ಟಿಯನ್ನು ಅಚ್ಚುಕಟ್ಟಾಗಿ ಮಾಡಿ ಕೊಟ್ಟು, ಯಾವುದಕ್ಕೆ ಯಾವ ಆಕಾರ, ಯಾವುದಕ್ಕೆ ಯಾವ ಬಣ್ಣ ಎಂದು ಒಮ್ಮೆ ಹೇಳಿದರೆ ಚಿತ್ರ ತಾನಾಗಿಯೇ ಮೂಡುತ್ತದೆ. ಪಟ್ಟಿಯಲ್ಲಿ ಒಂದು ಅಂಕಿ ತಿದ್ದಿದರೆ ಚಿತ್ರವೂ ತಿದ್ದಿಕೊಳ್ಳುತ್ತದೆ. ಅದನ್ನೇ ತೋಟಕ್ಕೆ ಹಾಕಿದರಾಯಿತು ಅಂದುಕೊಂಡೆ. ಒಂದು ಮರಕ್ಕೆ ಒಂದು ದುಂಡು ಚುಕ್ಕೆ. ಕಾಯಿ ಜಾಸ್ತಿ ಬಿಡುವ ಮರಕ್ಕೆ ದೊಡ್ಡದು, ಕಡಿಮೆ ಬಿಡುವುದಕ್ಕೆ ಚಿಕ್ಕದು. ಚಿತ್ರ ಮುಂದಿಟ್ಟುಕೊಂಡು ಎಲ್ಲಿ ಗೆರೆ ಎಳೆದರೆ ಎರಡೂ ಕಡೆ ಸಮ ಬರುತ್ತದೆ ಎಂದು ನೋಡಬಹುದು. ಆಕಾಶದಿಂದ ತೆಗೆದ ಚಿತ್ರ ಫೋನಿನಲ್ಲೇ ಸಿಗುತ್ತದಲ್ಲ ಎಂದು ತಮ್ಮ ಕೇಳಿದ. ಅದರಲ್ಲಿ ಮರದ ತಲೆ ಕಾಣುತ್ತದೆ, ಮರ ಎಷ್ಟು ಕಾಯಿ ಬಿಡುತ್ತದೆ ಎಂದು ಕಾಣುತ್ತದೇನೋ ಎಂದು ಅವನ ಬಾಯಿ ಮುಚ್ಚಿಸಿದೆ.

ಪಟ್ಟಿಗೆ ಕಾಲಂ ಹಾಕಲು ಕೂತೆ. ಎಷ್ಟನೇ ಸಾಲು, ಸಾಲಿನಲ್ಲಿ ಎಷ್ಟನೇ ಮರ, ಹಳೆಯದೋ ಹೊಸದೋ, ಕಾಯಿ ಹೇಗೆ. ಇಷ್ಟಕ್ಕೆ ಮುಗಿಯಿತು ಅನ್ನುವಾಗ ಕೈ ನಿಂತಿತು. ಇನ್ನೊಂದು ಕಾಲಂ ಬೇಕಿತ್ತು: ಯಾರ ಮರ? ಏಕೆಂದರೆ ನಮ್ಮ ತೋಟದಲ್ಲಿ ಇರುವುದೆಲ್ಲ ನಮ್ಮ ಮರಗಳಲ್ಲ. ಕೆಲವು ಅತ್ತೆಯವು.

ಅತ್ತೆ ಅಂದರೆ ಅಪ್ಪನ ತಂಗಿ. ಅಪ್ಪನಿಗೆ ಒಡಹುಟ್ಟಿದವಳು ಅವಳೊಬ್ಬಳೇ. ಹುಳಿಯಾರಿನ ಆಚೆಯ ಒಂದು ಹಳ್ಳಿಗೆ ಅವಳನ್ನು ಕೊಟ್ಟಿತ್ತು. ಮದುವೆಯ ವರ್ಷ ತಾತ ಅವಳಿಗೆ ಅರಿಶಿನ ಕುಂಕುಮಕ್ಕೆಂದು ತೋಟದಲ್ಲಿ ಕೆಲವು ಮರ ಬಿಟ್ಟಿದ್ದ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗೌರಿ ಹಬ್ಬಕ್ಕೆ ಅಕ್ಕತಂಗಿಯರ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಮುಗಿಸುತ್ತಾರೆ. ನಮ್ಮ ಮನೆಯಲ್ಲಿ ಮರ. ನೆಲ ನಮ್ಮದು, ನೀರು ನಮ್ಮದು, ಗೊಬ್ಬರ ನಮ್ಮದು, ಕಾಯಿ ಅವಳದು. ಮರ ಸತ್ತರೆ ಅದೇ ಗುಳಿಯಲ್ಲಿ ಇಟ್ಟ ಸಸಿಯೂ ಅವಳದೇ. ಇದಕ್ಕೆ ಕಾಗದ ಪತ್ರ ಏನೂ ಇಲ್ಲ, ಬರೀ ಬಾಯಿಮಾತು. ಅಪ್ಪ ಇರುವವರೆಗೂ ವರ್ಷಕ್ಕೊಮ್ಮೆ ಆ ಮರಗಳಿಗೆ ಸುಣ್ಣದ ಪಟ್ಟೆ ಬಳಿಯುತ್ತಿದ್ದ, ಕಾಯಿ ಕೀಳುವವರಿಗೆ ಗೊತ್ತಾಗಲಿ ಎಂದು.

ಕಾಯಿ ಕೆಡವಿಸಿದಾಗಲೆಲ್ಲ ಅತ್ತೆಯ ಗುಡ್ಡೆ ಬೇರೆ ಬೀಳುತ್ತಿತ್ತು. ಅಪ್ಪ ಅದನ್ನು ಮೂಟೆ ಕಟ್ಟಿ, ಬಸ್ಸಿನ ಟಾಪಿಗೆ ಹಾಕಿಸಿ, ತುರುವೇಕೆರೆ, ತಿಪಟೂರು ಎಂದು ಬಸ್ಸು ಬದಲಿಸಿಕೊಂಡು ಹುಳಿಯಾರಿಗೆ ಹೊರಡುತ್ತಿದ್ದ. ಚಿಕ್ಕವಳಿದ್ದಾಗ ರಜೆಯಲ್ಲಿ ನಾನೂ ಹೋಗುತ್ತಿದ್ದೆ. ಹುಳಿಯಾರೇನು ಕಾಯಿಗೆ ಬರ ಬಂದ ಊರೇ? ಸಂತೆಯಲ್ಲಿ ಕಾಯಿಯ ರಾಶಿ ಬಿದ್ದಿರುತ್ತಿತ್ತು. ಅತ್ತೆಯ ಗಂಡನ ಮನೆಯಲ್ಲೇ ಸಾಕಷ್ಟು ಮರಗಳಿದ್ದವು. “ಯಜಮಾನ್ರೆ, ಹುಳಿಯಾರಿಗೆ ಕಾಯಿ ಹೊತ್ಕೊಂಡೋಯ್ತಿದ್ದೀರಲ್ಲ, ನಿಮಗೇನು ಬುದ್ಧಿಗಿದ್ಧಿ ಐತಾ?” ಎಂದು ಕಂಡಕ್ಟರು ನಗುತ್ತಿದ್ದ. “ಇದು ಬ್ಯಾರೆ ಕಾಯಿ ಕಣಪ್ಪ,” ಅನ್ನುತ್ತಿದ್ದ ಅಪ್ಪ.

ಬೇರೆ ಏನಾಗಿತ್ತು ಎಂದು ಅತ್ತೆಯ ಮನೆಯಲ್ಲಿ ಗೊತ್ತಾಗುತ್ತಿತ್ತು. ಅಪ್ಪ ನಮ್ಮ ಮನೆಯಲ್ಲಿ ಮಾತಾಡುವವನೇ ಅಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಮುಗಿಯಿತು. ಅಲ್ಲಿ ಮಾತ್ರ ಅವನನ್ನು ಗೋಡೆಗೆ ಒರಗಿಸಿ ಕೂರಿಸಿಕೊಂಡು, ಅತ್ತೆ ಒಂದೊಂದಾಗಿ ಕೇಳುತ್ತಾ ಹೋಗುತ್ತಿದ್ದಳು. ಯಾವ ಹಸು ಕರು ಹಾಕಿತು, ಹಿತ್ತಲ ನುಗ್ಗೆ ಇದೆಯಾ, ಆಚೆ ಮನೆಯವಳಿಗೆ ಮಗು ಆಯ್ತಾ, ದೇವಸ್ಥಾನದ ಮುಂದಿನ ಕಲ್ಲು ಎತ್ತಿಸಿದರಾ. ಅಪ್ಪ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದ, ಸಮಾಧಾನವಾಗಿ, ನಗುನಗುತ್ತಾ. ನಮ್ಮಪ್ಪನಿಗೆ ಇಷ್ಟು ಮಾತು ಬರುತ್ತದೆ ಎಂದು ನನಗೆ ಗೊತ್ತಾಗಿದ್ದೇ ಆ ನಡುಮನೆಯಲ್ಲಿ. ಅತ್ತೆ ಆ ಕಾಯಿಯನ್ನು ಎಂದೂ ಮಾರಲಿಲ್ಲ. ಅಕ್ಕಪಕ್ಕದವರಿಗೆಲ್ಲ ಎರಡೆರಡು ಹಂಚುತ್ತಿದ್ದಳು, ತವರಿನ ಕಾಯಿ ಎಂದು.

ಅಪ್ಪ ಹೋದ ಮೇಲೆ ಆ ಕೆಲಸ ತಮ್ಮನ ಹೆಗಲಿಗೆ ಬಿತ್ತು. ಒಂದೆರಡು ಸಲ ಕೊಂಡುಹೋದ. ಆಮೇಲೆ ಯಾರೋ ಆ ಕಡೆ ಹೋಗುವವರ ಗಾಡಿಯಲ್ಲಿ ಕಳಿಸಿದ. ಆಮೇಲೆ ಅದೂ ತಡವಾಯಿತು. ಈಗ ಪಾಲಿನ ಮಾತು ಬಂದಾಗ ಬಾಯಿಬಿಟ್ಟ.

“ಅಕ್ಕ, ಅತ್ತೆ ಮರ ಅಲ್ಲೊಂದು ಇಲ್ಲೊಂದು ಅವೆ. ಕಾಯಿ ಕೀಳೋರು ಸಿಗೋದೇ ಕಷ್ಟ, ಸಿಕ್ಕೋರು ‘ನಿಮ್ಮತ್ತೇದು ಯಾವ್ದು ನೋಡ್ಕೊಂಡು ಕೂತ್ಕೊಳ್ಳೋಕೆ ಆಗಲ್ಲ’ ಅಂತಾರೆ. ಈ ಪಾಲಿನ ಜೊತೆಗೇ ಅದಕ್ಕೂ ಒಂದು ದಾರಿ ಮಾಡ್ಬುಡಾನ. ಗೌರಿ ಹಬ್ಬಕ್ಕೆ ಒಂದ್ಸಲ ಅವಳ ಮಗನ ಫೋನಿಗೆ ದುಡ್ಡು ಹಾಕ್ಬುಟ್ರೆ ಆಯ್ತಪ್ಪ. ಜಾಸ್ತೀನೇ ಹಾಕಾನ ಬೇಕಾರೆ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೆ ರೇಗಿದ್ದೇ ಅದಕ್ಕೆ.

“ದುಡ್ಡು ಹಾಕಿದ್ರೆ ನೀನು ಅವಳ ಮನೆಗೆ ಹೋಗೋದು ಯಾವಾಗ?”

“ಹೋಯ್ತೀನಪ್ಪ, ಹಬ್ಬಕ್ಕೋ ಹುಣ್ಣಿಮೆಗೋ...”

“ಯಾವ ಹಬ್ಬಕ್ಕೆ ಹೋಗಿದ್ದೀಯ, ಹೇಳು ನೋಡಾನ.”

ಅವನು ತಲೆ ಕೆರೆದುಕೊಂಡ. ನಾನೂ ಯಾವ ಹಬ್ಬಕ್ಕೂ ಹೋದವಳಲ್ಲ. ಆದರೆ ಒಂದು ಮಾತು ನನಗೆ ಖಚಿತವಿತ್ತು. ಆ ಮರಗಳು ಹೋದರೆ ಅತ್ತೆಯ ಬಾಗಿಲಿಗೆ ತವರಿನವರು ಹೋಗುವ ಕಾರಣವೇ ಹೋಗುತ್ತದೆ. ಅವಳು ಕಾಯಿಗೆ ಕಾಯುವವಳಲ್ಲ, ಮೂಟೆಯ ಹಿಂದೆ ಬರುವ ಮುಖಕ್ಕೆ ಕಾಯುವವಳು. ಇದನ್ನು ತಮ್ಮನಿಗೆ ಹೇಳುವ ಬದಲು ಅತ್ತೆಗೇ ಫೋನು ಹಚ್ಚಿದೆ.

“ನಂದ್ಯಾಕ್ರಪ್ಪ ಇನ್ನು,” ಅಂದಳು ಅತ್ತೆ. “ನಮ್ಮಣ್ಣ ಇರೋವರ್ಗೂ ತಂದ, ತಿಂದೆ. ಈಗ ಅದೆಲ್ಲ ಬುಟ್ಬುಡಿ. ನೀವಿಬ್ರು ಚೆನ್ನಾಗಿದ್ರೆ ನಂಗೆ ಅದೇ ಕಾಯಿ, ಅದೇ ಕೊಬ್ಬರಿ.”

“ಬುಡೋದು ಹಿಡಿಯೋದು ಆಮೇಲೆ. ಭಾನುವಾರ ಬಾ. ನಿನ್ನ ಮರ ಯಾವ್ಯಾವು ಅಂತ ತೋರ್ಸು. ಸುಣ್ಣ ಎಲ್ಲ ಅಳಿಸಿ ಹೋಗಿದೆ.”

“ನೀನು ಬೈತೀಯ ಅಂತ ಬತ್ತೀನಿ ಕಣೇ, ಮರಕ್ಕಲ್ಲ,” ಅಂದಳು.

ಶನಿವಾರವೇ ಬಂದಳು. ಭಾನುವಾರ ಬೆಳಗ್ಗೆ ರೊಟ್ಟಿ ತಿಂದು ಮೂವರೂ ತೋಟಕ್ಕೆ ಇಳಿದೆವು. ನಾನು ಫೋನು ಹಿಡಿದುಕೊಂಡು ಬರೆದುಕೊಳ್ಳುವವಳು, ತಮ್ಮ ಕಾಯಿಯ ವಿಷಯ ಹೇಳುವವನು, ಅತ್ತೆ ತನ್ನ ಮರ ತೋರಿಸುವವಳು. ರಸ್ತೆಯ ಕಡೆಯಿಂದ ಮೊದಲ ಸಾಲು ಹಿಡಿದು ಬೇಲಿಯವರೆಗೆ ಹೋದೆವು. ಅಲ್ಲಿ ತಿರುಗಿಕೊಂಡು ಎರಡನೆಯ ಸಾಲಿನಲ್ಲಿ ರಸ್ತೆಯ ಕಡೆಗೆ ಬಂದೆವು. ಮತ್ತೆ ಬೇಲಿ, ಮತ್ತೆ ರಸ್ತೆ, ನೇಗಿಲು ಹೂಡಿದವರು ತಿರುಗುವ ಹಾಗೆ. ಒಂದು, ಎರಡು ಎಂದು ಮರ ಎಣಿಸುತ್ತಾ ನಾನು ಬೆರಳು ಒತ್ತುತ್ತಿದ್ದೆ. ನಡುವೆ ನೀರು ಬತ್ತಿದ ಹಳೆಯ ಬಾವಿಯೊಂದಿದೆ. ಅದು ರಸ್ತೆಗೆ ಹತ್ತಿರವಾಗಿ ಎರಡು ಸಾಲುಗಳ ಜಾಗ ತಿಂದಿದೆ. ಅಲ್ಲಿ ಮರವಿಲ್ಲ, ‘ಬಾವಿ’ ಎಂದು ಬರೆದುಕೊಂಡೆ.

ಬೇಡ ಬೇಡ ಅನ್ನುತ್ತಿದ್ದ ಅತ್ತೆಯನ್ನು ನೋಡಬೇಕಿತ್ತು. ಪ್ರತಿ ಸಾಲಿನಲ್ಲೂ ಅವಳ ಮರ ಹತ್ತಿರ ಬರುತ್ತಿದ್ದಂತೆ ಹೆಜ್ಜೆ ಚುರುಕಾಗುತ್ತಿತ್ತು. ಮಂಡಿನೋವು ಎಂದು ಬೆಳಗ್ಗೆಯಿಂದ ನರಳುತ್ತಿದ್ದವಳು ನಮ್ಮಿಬ್ಬರನ್ನೂ ಹಿಂದೆ ಹಾಕಿ ಹೋಗಿ ಕಾಂಡದ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದಳು. “ಇದು ಕಣೇ ನಂದು. ನಮ್ಮಣ್ಣ ಇದರ ಕಾಯಿನೇ ದೊಡ್ಡದು ಅಂತ ಮೇಲಿಟ್ಟು ಮೂಟೆ ಕಟ್ಟೋನು.” ಸಾಲಿಗೊಂದರ ಹಾಗೆ ಅವಳ ಮರ ಸಿಗುತ್ತಾ ಹೋಯಿತು. ಒಂದು ಸಾಲಿನಲ್ಲಿ ಮಾತ್ರ ಅತ್ತೆಗೂ ತಮ್ಮನಿಗೂ ಜಟಾಪಟಿಯಾಯಿತು.

“ಇದು ನಂದು.”

“ಅಲ್ಲ ಕಣತ್ತೆ, ಇದು ಮನೇದು. ನಿಂದು ಅದರ ಪಕ್ಕದ್ದು.”

“ಲೇ, ನೀನು ಹುಟ್ಟೋಕೆ ಮೊದಲಿಂದ ಇದು ನಂದು ಕಣ್ಲಾ.”

“ಕಾಯಿ ಕೆಡವಿಸೋನು ನಾನೋ ನೀನೋ?”

ಇಬ್ಬರೂ ಒಂದೊಂದು ಮರ ಹಿಡಿದುಕೊಂಡು ನಿಂತರು, ಬಿಟ್ಟರೆ ಓಡಿಹೋಗುತ್ತದೇನೋ ಅನ್ನುವ ಹಾಗೆ. ನನಗೆ ನಗು ತಡೆಯಲಾಗಲಿಲ್ಲ. ಎರಡಕ್ಕೂ ಪ್ರಶ್ನೆ ಗುರುತು ಹಾಕಿ ಮುಂದೆ ನಡೆದೆ.

ಎಲ್ಲ ಮುಗಿದ ಮೇಲೆ ಅತ್ತೆ ಬಾವಿಯ ಕಟ್ಟೆಯ ಮೇಲೆ ಕೂತು ಕಾಲು ನೀವಿಕೊಂಡಳು. ತಮ್ಮ ಎಳನೀರು ತರಲು ಹೋಗಿದ್ದ.

“ನನ್ನ ಜೊತೆ ಮದುವೆ ಆದ ಹುಡುಗೀರ್ಗೆಲ್ಲ ಅವರಪ್ಪಂದಿರು ಒಂದೊಂದು ಸಾಲು ಬುಟ್ಟಿದ್ರು ಕಣೇ,” ಅಂದಳು. “ಈ ಸಾಲು ನನ್ನ ಮಗಳದು ಅಂತ ಬೊಟ್ಟು ಮಾಡಿ ತೋರ್ಸೋರು. ನಮ್ಮಪ್ಪನ್ನ ನೋಡು. ಅಲ್ಲೊಂದು, ಇಲ್ಲೊಂದು. 
ಮಿಕ್ಕಿದ್ದು ಉಳಿದಿದ್ದು ಆರಿಸಿಕೊಟ್ಟಂಗೆ. ಒಂದು ಸಾಲು ನಿಂದು ಅನ್ನೋಕೆ ಅವನಿಗೆ ಬಾಯಿ ಬರ್ಲಿಲ್ಲ.”

ನಗುತ್ತಲೇ ಹೇಳಿದಳು. ಆದರೆ ಮೊಮ್ಮಕ್ಕಳನ್ನು ಕಂಡ ಹೆಂಗಸು ಅಷ್ಟು ವರ್ಷದ ಹಿಂದಿನ ಮುನಿಸನ್ನು ಇನ್ನೂ ಬಿಟ್ಟಿರಲಿಲ್ಲ. “ನಿಮ್ಮಪ್ಪನಿಗೂ ತೊಂದ್ರೆ ಕೊಟ್ಟೆ, ಈಗ ಈ ಹುಡುಗನಿಗೂ ತೊಂದ್ರೆ. ಅದಕ್ಕೇ ಬುಟ್ಬುಡಿ ಅಂದಿದ್ದು,” ಅಂದಳು. ತಾತನನ್ನು ನಾನು ಸರಿಯಾಗಿ ಕಂಡವಳೂ ಅಲ್ಲ. ಎಂಥ ಮನುಷ್ಯನಪ್ಪ, ಒಬ್ಬಳೇ ಮಗಳಿಗೆ ಒಂದು ಸಾಲು ಕೊಡಲಾಗಲಿಲ್ಲವೇ ಎಂದು ನನಗೂ ಸಿಟ್ಟು ಬಂತು.

ಮಧ್ಯಾಹ್ನ ಮುದ್ದೆ ಉಂಡು, ತಮ್ಮನ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಫೋನಿನಿಂದ ಪಟ್ಟಿಯನ್ನು ಅದಕ್ಕೆ ಇಳಿಸಿದೆ. ಮನೆಯ ಮರಕ್ಕೆ ಹಸಿರು, ಅತ್ತೆಯ ಮರಕ್ಕೆ ಅರಿಶಿನದ ಬಣ್ಣ, ಬಾವಿಗೆ ನೀಲಿ ಎಂದು ಹೇಳಿಕೊಟ್ಟೆ. ತಮ್ಮ ಬಂದು ಹಿಂದೆ ನಿಂತ. ಅತ್ತೆ ಕನ್ನಡಕ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತಳು. ಗುಂಡಿ ಒತ್ತಿದೆ. ಪಟಪಟನೆ ಹಸಿರು ಚುಕ್ಕೆಗಳು ಸಾಲುಸಾಲಾಗಿ ಮೂಡಿ ಇಡೀ ತೋಟ ಪರದೆಯ ಮೇಲೆ ಬಂದು ಕೂತಿತು. ಅದರ ನಡುವೆ ಅರಿಶಿನದ ಚುಕ್ಕೆಗಳು. ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ, ಒಂದನ್ನೊಂದು ದಾಟಿಕೊಂಡು.

ಇಂಟು ಗುರುತು! ತಪ್ಪು ಲೆಕ್ಕದ ಮೇಲೆ ನಾನು ಮಕ್ಕಳ ಪುಸ್ತಕದಲ್ಲಿ ಹಾಕುತ್ತೇನಲ್ಲ, ಅದೇ. ಇಡೀ ತೋಟದ ಮೇಲೆ ಎಳೆದ ಹಾಗೆ.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. “ನೋಡಕ್ಕ, ನಿನ್ನ ಕಂಪ್ಯೂಟ್ರೇ ತಪ್ಪು ಅಂತ ಇಂಟು ಹೊಡ್ದೈತೆ!”

“ನಾನು ಹೇಳ್ಲಿಲ್ವಾ?” ಅಂದಳು ಅತ್ತೆ. ಅವಳೂ ನಕ್ಕಳು, ಆದರೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. “ಅದಕ್ಕೂ ಗೊತ್ತಾಗೋಯ್ತು. ಹೊಡ್ದಾಕಿ ಅಂತೈತೆ. ಹೊಡ್ದಾಕ್ಬುಡಿ.”

“ಸುಮ್ನಿರತ್ತೆ!” ಎಂದು ಗದರಿದೆ. ಗದರಿದ್ದು ಅವಳಿಗಲ್ಲ. ಇಷ್ಟು ವರ್ಷ ಸಲೀಸಾಗಿ ಹಾಕುತ್ತಿದ್ದ ಆ ಗುರುತು ಅವಳ ಮರಗಳ ಮೇಲೆ ಬಿದ್ದಾಗ ನನ್ನ ಎದೆಗೇ ಬಿದ್ದ ಹಾಗಾಯಿತು. ಲ್ಯಾಪ್‌ಟಾಪನ್ನು ಮುಚ್ಚಿ ಎದ್ದು ಹೋಗಬೇಕು ಅನ್ನಿಸಿತು. ಕಣ್ಣು ನೀಲಿ ಚುಕ್ಕೆಯ ಮೇಲೆ ಬಿತ್ತು. ನೀಲಿ ಒಂದೇ ಕಡೆ ಇರಲಿಲ್ಲ. ಒಂದು ರಸ್ತೆಯ ಕಡೆ, ಇನ್ನೊಂದು ಅದರ ಪಕ್ಕದ ಸಾಲಿನಲ್ಲಿ, ಆ ತುದಿಗೆ, ಬೇಲಿಯ ಕಡೆ.

“ನಮ್ಮ ತೋಟಕ್ಕೆ ಎಷ್ಟು ಬಾವಿ?” ಎಂದೆ.

“ಯಾಕಕ್ಕ, ಬಿಸ್ಲು ಹತ್ತೋಯ್ತಾ? ಒಂದೇ.”

“ಇಲ್ಲಿ ಎರಡು ತೋಡಿದೆ ನೋಡು.”

ಆಗ ಹೊಳೆಯಿತು. ಹಣೆ ಚಚ್ಚಿಕೊಂಡೆ. ನಾವು ಮೊದಲ ಸಾಲನ್ನು ರಸ್ತೆಯಿಂದ ಎಣಿಸಿದ್ದೆವು, ಎರಡನೆಯದನ್ನು ಬೇಲಿಯಿಂದ. ಉಳುವವರ ಮನೆಯಲ್ಲಿ ಹುಟ್ಟಿದವರು ಬೇರೆ ಹೇಗೆ ನಡೆಯುತ್ತಾರೆ? ಸಾಲು ಮುಗಿದರೆ ಅಲ್ಲೇ ತಿರುಗುತ್ತೇವೆ. ಮತ್ತೆ ಬರಿದೇ ಮೊದಲಿನ ತುದಿಗೆ ನಡೆದುಬಂದು ಶುರುಮಾಡುವ ಪೆದ್ದುತನ ಯಾರಿಗೂ ಬರುವುದಿಲ್ಲ. ಆದರೆ ಪ್ರೋಗ್ರಾಂ ಉಳುವವರ ಮನೆಯದಲ್ಲವಲ್ಲ. ಅದು ಪ್ರತಿ ಸಾಲನ್ನೂ ರಸ್ತೆಯಿಂದಲೇ ಎಣಿಸಿಕೊಂಡು ಚುಕ್ಕೆ ಇಟ್ಟಿತ್ತು. ಒಂದು ಬಿಟ್ಟು ಒಂದು ಸಾಲು ಪೂರ್ತಿ ತಿರುಗುಮುರುಗಾಗಿತ್ತು. ತಮ್ಮನಿಗೆ ಹೇಳಿದಾಗ ಅವನೂ ಹಣೆ ಚಚ್ಚಿಕೊಂಡ.

ತಿದ್ದುವುದು ಒಂದೇ ಗೆರೆಯ ಕೆಲಸ. ಎರಡನೆಯದು, ನಾಲ್ಕನೆಯದು, ಹೀಗೆ ಸಮಸಂಖ್ಯೆಯ ಸಾಲುಗಳನ್ನು ಕೊನೆಯಿಂದ ಎಣಿಸು ಎಂದು ಬರೆದೆ. ಮತ್ತೆ ಗುಂಡಿ ಒತ್ತಿದೆ.

ಬಾವಿ ಬಂದು ಬಾವಿಯ ಜಾಗದಲ್ಲಿ ಕೂತಿತು. ಇಂಟು ಹೋಯಿತು. ಉಳಿದದ್ದು ಒಂದೇ ಗೆರೆ. ರಸ್ತೆಯ ಈ ಮೂಲೆಯಿಂದ ಬೇಲಿಯ ಆ ಮೂಲೆಗೆ, ಓರೆಯಾಗಿ, ಒಂದೊಂದು ಸಾಲಿಗೆ ಒಂದೊಂದೇ ಮರ ಮುಂದಕ್ಕೆ ಸರಿಯುತ್ತಾ, ಅರಿಶಿನದ ಚುಕ್ಕೆಗಳು.

ಮೂವರೂ ಪರದೆಯ ಹತ್ತಿರಕ್ಕೆ ಸರಿದೆವು. ಆಮೇಲೆ ತಮ್ಮ ಬಗ್ಗಿ ಪ್ರಶ್ನೆ ಗುರುತಿನ ಎರಡು ಚುಕ್ಕೆಗಳ ಮೇಲೆ ಬೆರಳಿಟ್ಟ. ಅವನು ಹೇಳಿದ್ದು ಗೆರೆಯ ಮೇಲೆ ಇತ್ತು. ಅತ್ತೆ ಹೇಳಿದ್ದು ಒಂದು ಮರ ಆಚೆಗೆ. “ನೋಡ್ದಾ ಅತ್ತೆ?” ಅಂದ. “ಆಯ್ತು ಬುಡು, ಗೆದ್ದೆ,” ಅಂದಳು ಅತ್ತೆ. ಅವಳ ಗಮನ ಅದರ ಮೇಲೆ ಇರಲಿಲ್ಲ. “ಇದ್ಯಾಕಮ್ಮ ಹಿಂಗೆ ನೆಟ್ಟಗಾಯ್ತು?”

ಆ ತೋಟದಲ್ಲಿ ಯಾರೂ ಓರೆಯಾಗಿ ನಡೆಯುವುದಿಲ್ಲ. ಕಾಯಿ ಕೀಳುವವರು ಸಾಲು ಹಿಡಿದು ಹೋಗುತ್ತಾರೆ, ನೀರು ಸಾಲು ಹಿಡಿದು ಹೋಗುತ್ತದೆ, ನಡುವೆ ಬಾಳೆ, ಅಡಿಕೆ ಬೇರೆ. ಸಾಲಿನಲ್ಲಿ ನಿಂತವರಿಗೆ ಅತ್ತೆಯ ಮರ ಅಲ್ಲೊಂದು ಇಲ್ಲೊಂದು ಅಂತಲೇ ಕಾಣುತ್ತದೆ. ಅಪ್ಪನಿಗೂ ಕಂಡಿತ್ತೋ ಇಲ್ಲವೋ, ಅವನು ಎಂದೂ ಹೇಳಲಿಲ್ಲ. ನನಗೆ ಮಾತ್ರ ತಾತನ ಲೆಕ್ಕ ಹೊಳೆಯಿತು. ಮಕ್ಕಳಿಗೆ ಚೌಕ, ಕರ್ಣ ಎಂದು ಬೋರ್ಡಿನ ಮೇಲೆ ಎಳೆದು ಎಳೆದು ಕೈ ಸವೆದವಳು ನಾನು. ಅಡುಗೆಮನೆಯಿಂದ ಒಂದು ಕಡ್ಡಿಪೊರಕೆಯ ಕಡ್ಡಿ ತಂದು ಪರದೆಯ ಮೇಲೆ ಅಡ್ಡಲಾಗಿ ಇಟ್ಟೆ.

“ನೋಡತ್ತೆ. ತೋಟಾನ ಹೀಗೆ ಸೀಳಿದ್ವು ಅಂತ ಇಟ್ಕೋ. ನಿನ್ನ ಮರ ಯಾರ ಪಾಲಿಗೆ ಬಂತು?”

ಅತ್ತೆ ಕನ್ನಡಕ ಮತ್ತೆ ಹಾಕಿಕೊಂಡಳು. “ಇಬ್ರಿಗೂ ಬಂತು.”

ಕಡ್ಡಿಯನ್ನು ತಿರುಗಿಸಿ ಉದ್ದಕ್ಕೆ ಇಟ್ಟೆ. “ಈಗ?”

“ಈಗ್ಲೂ ಇಬ್ರಿಗೂ.”

“ಒಂದು ಸಾಲು ಕೊಟ್ಟಿದ್ದಿದ್ರೆ?”

ಅವಳ ಕೈ ಬಾಯಿಯ ಮೇಲೆ ಹೋಯಿತು. ಆಮೇಲೆ ನಿಧಾನವಾಗಿ ಹೇಳತೊಡಗಿದಳು. ತಾತನಿಗೂ ಒಬ್ಬ ತಂಗಿಯಿದ್ದಳಂತೆ. ಅವಳಿಗೆ ಹಿರಿಯರ ಹಳೆಯ ತೋಟದಲ್ಲಿ ಒಂದು ಸಾಲನ್ನೇ ಬಿಟ್ಟಿದ್ದರಂತೆ, ಎಲ್ಲರ ಹಾಗೆ. ತಾತ ಮತ್ತು ಅವನ ಅಣ್ಣ ಪಾಲಾದಾಗ ಆ ಸಾಲು ಅಣ್ಣನ ಕಡೆಗೆ ಹೋಯಿತು.

“ಆಮೇಲೆ ನಮ್ಮತ್ತೆ ದೊಡ್ಡಪ್ಪನ ಮನೆಗೆ ಬರೋಳು, ನಮ್ಮನೆ ಹೊಸ್ಲು ತುಳೀಲಿಲ್ಲ. ಯಾರೂ ಬ್ಯಾಡ ಅನ್ಲಿಲ್ಲ, ಜಗಳಾನೂ ಆಡ್ಲಿಲ್ಲ. ಕಾಯಿ ಅಲ್ಲಿತ್ತಲ್ಲ, ಕಾಲು ಅಲ್ಲಿಗೇ ಹೋಗೋದು. ನಮ್ಮಪ್ಪ ಜಗಲಿ ಮೇಲೆ ಕೂತು ಅವಳು ಬೀದೀಲಿ ಹೋಗೋದ್ನ ನೋಡೋನು. ನಾನು ಸಣ್ಣೋಳು, ಯಾಕಪ್ಪ ಅತ್ತೆ ಬರ್ಲಿಲ್ಲ ಅಂದ್ರೆ ಎದ್ದೋಗೋನು.”

ಅಷ್ಟು ಹೇಳಿ ಅತ್ತೆ ಮತ್ತೆ ಪರದೆಯ ಕಡೆ ತಿರುಗಿದಳು. ಆಮೇಲೆ ಇದ್ದಕ್ಕಿದ್ದಂತೆ ಸಿಟ್ಟು ಬಂದವಳ ಹಾಗೆ ತೊಡೆಯ ಮೇಲೆ ಹೊಡೆದುಕೊಂಡಳು.

“ಮುದುಕ! ಒಂದು ಮಾತು ಹೇಳ್ಬಾರ್ದಿತ್ತಾ? ಸುಣ್ಣದ ಡಬ್ಬ ಹಿಡ್ಕೊಂಡು ಬುಡುಬುಡು ಹೋಗಿ ಬಳ್ಕೊಂಡು ಬಂದ, ‘ಹೋಗು, ನಿಂದು ಅವೆ’ ಅಂದ, ಅಷ್ಟೇ. ಇಷ್ಟು ವರ್ಷ ನಾನು ಅವನ್ನ ಬೈಕೊಂಡೆ ಕಣೇ. ಸತ್ತಾಗ್ಲೂ ಒಳಗೊಳಗೇ ಬೈಕೊಂಡೇ ಅತ್ತಿದ್ದೆ. ಒಂದು ಮಾತು ಹೇಳ್ಬಾರ್ದಿತ್ತಾ!”

ಅತ್ತಳು. ಸೆರಗು ಬಾಯಿಗೆ ಒತ್ತಿಕೊಳ್ಳಲೂ ಇಲ್ಲ, ಚಿಕ್ಕ ಹುಡುಗಿಯ ಹಾಗೆ ಜೋರಾಗಿ ಅತ್ತಳು. ನನಗೂ ಅಳು ಬಂತು. ಏನಾಯಿತೋ ಎಂದು ಒಳಗಿನಿಂದ ಓಡಿಬಂದ ತಮ್ಮನ ಹೆಂಡತಿ ನಮ್ಮಿಬ್ಬರನ್ನು ನೋಡಿ ಅವಳೂ ಕಣ್ಣು ಒರೆಸಿಕೊಳ್ಳತೊಡಗಿದಳು. ತಮ್ಮ ಮಾತ್ರ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಮಂಡಿ ಹಿಡಿದುಕೊಂಡ.

“ಆಯ್ತು ಕಣತ್ತೆ, ಅಳಬ್ಯಾಡ. ದುಡ್ಡಿನ ಮಾತು ಎತ್ತಲ್ಲ ಬುಡು. ನಿನ್ನ ಕಾಯಿ ನಿನ್ನ ಮನೆಗೆ ಬತ್ತವೆ. ನನ್ನ ಪಾಲಿಂದೂ ಅಕ್ಕನ ಪಾಲಿಂದೂ ಸೇರ್ಸಿ ನಾನೇ ತಂದ್ಕೊಡ್ತೀನಿ.”

ಅತ್ತೆ ಮೂಗು ಒರೆಸಿಕೊಂಡು ಅವನನ್ನು ನೋಡಿದಳು.

“ಅವಳ ಪಾಲಿಂದು ನೀನ್ಯಾಕೆ ತತ್ತೀಯ? ಅವಳಿಗೆ ಕೈಕಾಲು ಇಲ್ವಾ? ಅರ್ಧ ತೋಟ ಈಸ್ಕೊಳ್ವಾಗ ಊರಿಗೆಲ್ಲ ಕೇಳೋಂಗೆ ಕೂಗಿದ್ಲಂತೆ.”

ನಾನು ಬೆಪ್ಪಾಗಿ ಕೂತೆ. ಪಾಲು ಕೇಳುವಾಗ ಕಾನೂನು ಗೊತ್ತಿತ್ತು, ಲೆಕ್ಕ ಗೊತ್ತಿತ್ತು. ಇದು ಹೊಳೆದಿರಲೇ ಇಲ್ಲ. ತವರು ಅಂದರೆ ಅಣ್ಣತಮ್ಮಂದಿರ ಮನೆ. ನಾವು ಹೆಣ್ಣುಮಕ್ಕಳು ಅಲ್ಲಿಗೆ ಬರುವವರು, ಅಲ್ಲಿಂದ ಹೋಗುವವರು, ಅಲ್ಲಿಂದ ಯಾರಾದರೂ ಬಂದರೇನೋ ಎಂದು ಬಾಗಿಲು ನೋಡುವವರು. ನಾನೂ ಎಷ್ಟೋ ಗೌರಿ ಹಬ್ಬಗಳಲ್ಲಿ ತಿಪಟೂರಿನ ಮನೆಯ ಗೇಟಿನ ಸದ್ದಿಗೆ ಕಿವಿ ಕೊಟ್ಟವಳೇ. ತಾತ ಆ ಗೆರೆ ಎಳೆದಾಗ ಮೊಮ್ಮಗಳೊಬ್ಬಳು ಅರ್ಧ ತೋಟ ಕೇಳಿ ಪಡೆಯುತ್ತಾಳೆ ಎಂದು ಕನಸಿನಲ್ಲೂ ಅಂದುಕೊಂಡಿರಲಾರ.

“ನಾನೂ ಈ ಮನೆಯಿಂದ ಹೋದೋಳೇ ಅಲ್ವಾ ಅತ್ತೆ? ನಾನು ತಂದ್ರೆ ಅದು ತವರಿನ ಕಾಯಿ ಆಗುತ್ತಾ?” ಎಂದೆ. ನನ್ನ ಧ್ವನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

ಅತ್ತೆ ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

“ಹೋದೋಳು ತವರಿಗೆ ಬರೋದ್ನ ಕಂಡಿವ್ನಿ. ಹೋದೋಳೊಬ್ಳು ಇನ್ನೊಬ್ಳಿಗೆ ತವರಾಗಿ ಬರೋದ್ನ ನಾನು ಕಂಡಿಲ್ಲ ಕಣೇ. ನೀನು ಬಾ. ನೋಡಾನ ಹೆಂಗಿರ್ತೈತೋ.”